ಪರದೆಯ ಮೇಲಿನ ಊಟ, ಪರದೆಯ ಮೇಲಿನ ರಕ್ತ

(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಹೇಳಲಿರುವುದು ನನ್ನ ಮೆಚ್ಚಿನ ವಿಷಯ: ಸಿನಿಮಾದ ಸುಳ್ಳು ಊಟ, ಸುಳ್ಳು ರಕ್ತ.

1925ರ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಹಸಿದ ಚಾಪ್ಲಿನ್ ಬೂಟನ್ನೇ ಬೇಯಿಸಿ ತಿನ್ನುತ್ತಾನೆ. ಆ ಬೂಟು ಲಿಕೊರಿಸ್ ಮಿಠಾಯಿಯದು. ಲಿಕೊರಿಸ್ ಎಂದರೆ ನಮ್ಮಜ್ಜಿಯರು ಕೆಮ್ಮಿಗೆ ಕೊಡುವ ಜೇಷ್ಠಮಧು. 1960ರ ‘ಸೈಕೋ’ದಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಕಪ್ಪು ಬಿಳುಪು ಚಿತ್ರಕ್ಕೆ ಕೆಂಪು ಬೇಕಿಲ್ಲ, ಗಾಢವಾಗಿ, ಮಂದವಾಗಿ ಹರಿದರೆ ಸಾಕು. ಬಣ್ಣದ ಚಿತ್ರವಾದರೆ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ. ವಿಸ್ಕಿ ಎಂದರೆ ಹೆಚ್ಚಾಗಿ ಹಾಲಿಲ್ಲದ ಚಹಾ!

ಆದರೆ 1939ರ ‘ದಿ ವಿಜರ್ಡ್ ಆಫ್ ಆಜ್’ನಲ್ಲಿ ನಟರ ಮೇಲೆ ಸುರಿದ ಹಿಮ ಆಸ್ಬೆಸ್ಟಾಸ್ ಎಂದು ವ್ಯಾಪಕವಾಗಿ ಹೇಳಲಾಗುತ್ತದೆ. ಅದರ ಎಳೆಗಳು ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರಬಲ್ಲವು. ಕ್ಯಾಮೆರಾಕ್ಕೆ ಮಾತ್ರ ಅದು ಅಪ್ಪಟ ಹಿಮ.

ಕ್ಯಾಮೆರಾ ನೋಡುತ್ತದೆ, ಅಷ್ಟೇ. ನುಂಗುವವರು, ಉಸಿರಾಡುವವರು ಮನುಷ್ಯರು. ನನ್ನ ಕೆಲಸದಲ್ಲೂ ಪರದೆ ಚೆನ್ನಾಗಿ ಕಂಡರೆ ಸಾಲದು. ಬಳಸುವವರಿಗೆ ಏನಾಗುತ್ತದೆ ಎಂದು ಮೊದಲು ಕೇಳಬೇಕು.

ಮಕ್ಕಳೇ, ಶಾಲೆಯ ನಾಟಕಕ್ಕೆ ರಕ್ತ ಬೇಕಾದರೆ ಪೇಂಟು, ಓಕುಳಿ ಬಣ್ಣ, ಅಂಗಡಿಯ ಕುಂಕುಮ ಬಾಯಿಯ ಹತ್ತಿರ ತರಬೇಡಿ. ಸಕ್ಕರೆ ಪಾಕಕ್ಕೆ ಬೀಟ್‌ರೂಟ್ ರಸ ಬೆರೆಸಿ. ಎಷ್ಟು ಮಂದವಾದರೆ ರಕ್ತದಂತೆ ಹರಿಯುತ್ತದೆ ಎಂದು ವಿಜ್ಞಾನದ ಮೇಷ್ಟ್ರ ಜೊತೆ ಪರೀಕ್ಷಿಸಿ. ನಾಟಕ ಮುಗಿದ ಮೇಲೆ ಮಿಕ್ಕಿದ್ದನ್ನು ನೆಕ್ಕಲೂಬಹುದು.