ಸೇರಿದರೆ ಸಾಲದು, ಹರಿಯಬೇಕು

ಇವತ್ತು ಸಂಜೆ ಮನೆಗೆ ಮರಳಿದಾಗ ನಿಮ್ಮ ಸೊಸೈಟಿಯ ಪಾರ್ಕಿಂಗ್ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ತೊಳೆದು ನಿಲ್ಲಿಸಿದ ಒಂದು ಕಾರಿನ ಬಾಗಿಲಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಹೇಗೆ ಬಿದ್ದಿದೆ ಎಂದು ನೋಡಿ. ನೀವು ನಿಧಾನವಾಗಿ ನಡೆದಂತೆ ಆ ಬೆಳಕಿನ ಗೆರೆಯೂ ಬಾಗಿಲಿನಿಂದ ಹಿಂದಿನ ಚಕ್ರದ ಮೇಲಿನ ಉಬ್ಬಿನವರೆಗೆ ನೀರಿನಂತೆ ಹರಿಯುತ್ತದೆ. ಅಲ್ಲೇ ಪಕ್ಕದಲ್ಲಿ, ಎಲ್ಲೋ ಗುದ್ದಿಸಿಕೊಂಡು ಟಿಂಕರಿಂಗ್ ಮಾಡಿಸಿಕೊಂಡು ಬಂದ ಕಾರಿದ್ದರೆ ಅದನ್ನೂ ನೋಡಿ. ಬಣ್ಣ ಹೊಸದು, ಕೈಯಾಡಿಸಿದರೆ ನುಣ್ಣಗೇ ಇದೆ. ಆದರೆ ಬೆಳಕಿನ ಗೆರೆ ಆ ಜಾಗಕ್ಕೆ ಬಂದಾಗ ಸೊಟ್ಟಗಾಗುತ್ತದೆ. ಕೈಗೆ ಸಿಗದ ಕುಂದು ಕಣ್ಣಿಗೆ ಸಿಕ್ಕಿಬಿಡುತ್ತದೆ.

ಕಂಪ್ಯೂಟರಿನಲ್ಲಿ ವಸ್ತುಗಳ ಆಕಾರ ರೂಪಿಸುವ ತಂತ್ರಾಂಶಕ್ಕೆ ಕ್ಯಾಡ್ ಎಂದು ಹೆಸರು. ಅದರಲ್ಲಿ ಕಾರಿನ ಹೊರಮೈ ಕಟ್ಟುವವರು ದಿನವಿಡೀ ಹೆಣಗುವುದು ಈ ಬೆಳಕಿನ ಗೆರೆಗಾಗಿಯೇ. ಪುಣೆ, ಚೆನ್ನೈಗಳ ವಾಹನ ಉದ್ಯಮದಲ್ಲಿ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಅವರಲ್ಲಿ ಯಾರಾದರೂ ಫೋನಿನಲ್ಲಿ "ನನ್ನದು ಸರ್ಫೇಸಿಂಗ್ ಕೆಲಸ" ಎಂದರೆ ಊರಿನಲ್ಲಿರುವ ಅಮ್ಮನಿಗೆ ಏನೂ ಅರ್ಥವಾಗಲಿಕ್ಕಿಲ್ಲ. ಅದೇನೆಂದು ಇವತ್ತು ಸ್ವಲ್ಪ ನೋಡೋಣ.

ಕಾರಿನ ಮೈ ಕಂಪ್ಯೂಟರಿನಲ್ಲಿ ಒಂದೇ ಹಾಳೆಯಾಗಿ ಹುಟ್ಟುವುದಿಲ್ಲ. ದರ್ಜಿಯು ಬಟ್ಟೆಯ ತುಂಡುಗಳನ್ನು ಸೇರಿಸಿ ಅಂಗಿ ಹೊಲಿಯುವಂತೆ, ಹಲವಾರು ಸಣ್ಣ ಮೇಲ್ಮೈಗಳನ್ನು ಅಂಚಿಗೆ ಅಂಚು ಕೂಡಿಸಿ ಕಟ್ಟುತ್ತಾರೆ. ಹೊಲಿಗೆ ಮಾತ್ರ ಕಾಣಬಾರದು. ಕಷ್ಟವಿರುವುದು ಅಲ್ಲಿಯೇ.

ಈ ಕೂಡಿಸುವಿಕೆಯಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ. ರೈಲು ಹಳಿಯನ್ನು ನೆನೆದುಕೊಂಡರೆ ಅವು ಸುಲಭವಾಗಿ ತಿಳಿಯುತ್ತವೆ.

ಎರಡು ಹಳಿಗಳ ತುದಿ ಒಂದಕ್ಕೊಂದು ತಾಕಿವೆ, ಆದರೆ ಮೂಲೆಯಾಗಿ ತಾಕಿವೆ ಎನ್ನಿ. ರೈಲು ಅಲ್ಲಿ ಹಳಿ ತಪ್ಪುವುದು ಖಂಡಿತ. ಬರೀ ತಾಕುವ ಈ ಮೆಟ್ಟಿಲಿಗೆ ಕ್ಯಾಡ್‌ನವರು ಜಿ0 ಎನ್ನುತ್ತಾರೆ. ರಟ್ಟಿನ ಪೆಟ್ಟಿಗೆಯ ಅಂಚು ಹೀಗಿರುತ್ತದೆ.

ಇನ್ನು, ನೇರ ಹಳಿಯ ದಿಕ್ಕಿನಲ್ಲೇ ಹೊರಟು ವೃತ್ತಾಕಾರವಾಗಿ ತಿರುಗುವ ಹಳಿ ಜೋಡಿಸಿದ್ದಾರೆ ಎಂದುಕೊಳ್ಳಿ. ಮೂಲೆಯಿಲ್ಲ, ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಇದು ಜಿ1. ಆದರೆ ವೇಗವಾಗಿ ಬಂದ ರೈಲು ಆ ಜಾಗದಲ್ಲಿ ಒಮ್ಮೆಗೇ ಪಕ್ಕಕ್ಕೆ ಎಳೆದಂತಾಗಿ, ನಿಂತವರು ಪಕ್ಕದವರ ಮೇಲೆ ವಾಲುತ್ತಾರೆ. ದಿಕ್ಕು ಹೊಂದಿದ್ದರೂ ಬಾಗು ಮಾತ್ರ ಸೊನ್ನೆಯಿಂದ ಒಂದೇ ಸಲ ಮೇಲಕ್ಕೆ ಜಿಗಿದಿರುತ್ತದೆ.

ಅದಕ್ಕಾಗಿಯೇ ರೈಲ್ವೆ ಇಂಜಿನಿಯರುಗಳು ನೇರ ಹಳಿಗೂ ವೃತ್ತದ ಹಳಿಗೂ ನಡುವೆ, ಬಾಗು ಸ್ವಲ್ಪಸ್ವಲ್ಪವಾಗಿ ಏರುವ ಹಳಿಯನ್ನು ಹಾಕುತ್ತಾರೆ. ಹೀಗೆ ಜಾಗ, ದಿಕ್ಕು, ಬಾಗು ಮೂರೂ ಹೊಂದಿಕೊಂಡರೆ ಅದು ಜಿ2. ಕಾರಿನ ಹೊರಮೈಗೆ ಸಾಮಾನ್ಯವಾಗಿ ಕನಿಷ್ಠ ಇಷ್ಟಾದರೂ ಬೇಕು.

ರೈಲಿನಲ್ಲಿ ಮೈಗೆ ತಿಳಿಯುವ ಈ ಜಿಗಿತ ಕಾರಿನಲ್ಲಿ ಕಣ್ಣಿಗೆ ತಿಳಿಯುತ್ತದೆ. ಇದನ್ನು ಕಂಡುಹಿಡಿಯಲು ತಂತ್ರಾಂಶದಲ್ಲೇ ಒಂದು ಉಪಾಯವಿದೆ. ಮಾದರಿಯ ಮೇಲೆ ಜೀಬ್ರಾದ ಮೈಯಂತೆ ಕಪ್ಪು ಬಿಳುಪು ಪಟ್ಟೆಗಳ ಪ್ರತಿಬಿಂಬ ಬೀಳಿಸುವುದು. ಜಿ0 ಇದ್ದಲ್ಲಿ ಪಟ್ಟೆಗಳು ತುಂಡಾಗುತ್ತವೆ. ಜಿ1 ಇದ್ದಲ್ಲಿ ಕೂಡುತ್ತವೆ, ಆದರೆ ಮೊಣಕೈಯಂತೆ ಮಡಚಿಕೊಳ್ಳುತ್ತವೆ. ಜಿ2 ಇದ್ದಲ್ಲಿ ಮಡಿಕೆಯಿಲ್ಲದೆ ಹರಿದುಹೋಗುತ್ತವೆ. ಅಂಚನ್ನು ದುಂಡಾಗಿಸುವ ಫಿಲೆಟ್ ಎಂಬ ಆದೇಶ ಹೊಸಬರಿಗೆ ಬಹಳ ಪ್ರಿಯ. ಸಾಧಾರಣ ಫಿಲೆಟ್ ಕೊಡುವುದು ವೃತ್ತದ ತುಂಡನ್ನು, ಅಂದರೆ ಜಿ1 ಮಾತ್ರ. ಸಪಾಟು ಮೈಯ ಬಾಗು ಸೊನ್ನೆ. 10 ಮಿಲಿಮೀಟರ್ ತ್ರಿಜ್ಯದ ದುಂಡಿನ ಬಾಗು, 1ನ್ನು 10ರಿಂದ ಭಾಗಿಸಿದರೆ, 0.1. ನಡುವೆ ಮೆಟ್ಟಿಲೇ ಇಲ್ಲ. ಯಂತ್ರದ ಒಳಗೆ ಕೂರುವ ಬಿಡಿಭಾಗಕ್ಕೆ ಇದು ಸಾಕು, ಬೆಳಕಿಗೆ ಒಡ್ಡಿಕೊಳ್ಳುವ ಹೊರಮೈಗೆ ಸಾಲದು.

ಕಂಪ್ಯೂಟರಿಗೆ ಮುಂಚೆ ಏನು ಮಾಡುತ್ತಿದ್ದರು? ಹಡಗು ಕಟ್ಟುವವರು ತೆಳ್ಳನೆಯ ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಸೀಸದ ತೂಕ ಇಟ್ಟು ಗೆರೆ ಎಳೆಯುತ್ತಿದ್ದರು. ಮರ ತಾನಾಗಿಯೇ ಬಾಗನ್ನು ಉದ್ದಕ್ಕೂ ಹಂಚಿಕೊಳ್ಳುತ್ತಿತ್ತು. ಆ ಪಟ್ಟಿಯ ಕೆಲಸವನ್ನು ಗಣಿತಕ್ಕೆ ಒಪ್ಪಿಸಿದವರಲ್ಲಿ ಫ್ರಾನ್ಸಿನ ಕಾರು ಕಾರ್ಖಾನೆಗಳೂ ಸೇರಿವೆ. ಸಿಟ್ರೊಯೆನ್ ಕಂಪನಿಯ ಯುವ ಗಣಿತಜ್ಞ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿ ಇದಕ್ಕೊಂದು ವಿಧಾನ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯೇ ತಮ್ಮದೇ ದಾರಿಯಲ್ಲಿ ಅಲ್ಲಿಗೇ ತಲುಪಿ 1960ರ ದಶಕದಲ್ಲಿ ಪ್ರಕಟಿಸಿದರು. ಹಾಗಾಗಿ ಜಗತ್ತು ಆ ಗೆರೆಗಳನ್ನು ಬೆಜಿಯೇ ಗೆರೆಗಳು ಎಂದೇ ಕರೆಯುತ್ತದೆ. 2022ರಲ್ಲಿ ತೀರಿಕೊಂಡ ದ ಕಾಸ್ಟೆಲ್ಜೋ ಅವರ ಹೆಸರು, ಆ ಗೆರೆಯ ಮೇಲಿನ ಬಿಂದುಗಳನ್ನು ಲೆಕ್ಕ ಹಾಕುವ ಕ್ರಮಕ್ಕೆ ಉಳಿದಿದೆ.

ಈ ಗೆರೆಯನ್ನು ಆಳುವುದು ಕೆಲವು ಚುಕ್ಕಿಗಳು. ನಮ್ಮ ಚುಕ್ಕಿ ರಂಗೋಲಿಯಲ್ಲಿ ಎಳೆ ಚುಕ್ಕಿಯನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತದಲ್ಲ, ಸ್ವಲ್ಪ ಹಾಗೆಯೇ. ಗೆರೆ ಮೊದಲ ಚುಕ್ಕಿಯಲ್ಲಿ ಶುರುವಾಗಿ ಕೊನೆಯದರಲ್ಲಿ ಮುಗಿಯುತ್ತದೆ. ನಡುವಿನ ಚುಕ್ಕಿಗಳು ಅದನ್ನು ತಮ್ಮ ಕಡೆಗೆ ಸೆಳೆಯುತ್ತವೆ, ಅಷ್ಟೇ. ತುದಿಯ ಜಾಗ ನಿರ್ಧರಿಸಲು ಒಂದು ಚುಕ್ಕಿ ಸಾಕು. ದಿಕ್ಕಿಗೆ ಎರಡು ಬೇಕು, ಬಾಗಿಗೆ ಮೂರು ಬೇಕು. ಎರಡೂ ತುದಿಯಲ್ಲಿ ಜಿ2 ಬೇಕೆಂದರೆ ಒಟ್ಟು ಆರು ಚುಕ್ಕಿಗಳಾದವು. ನಾಲ್ಕೇ ಚುಕ್ಕಿ ಇಟ್ಟುಕೊಂಡು ಹೊರಟರೆ, ಗಿಡ್ಡ ಕಂಬಳಿಯನ್ನು ತಲೆಗೆ ಎಳೆದಾಗ ಕಾಲು ಹೊರಬಿದ್ದ ಹಾಗೆ, ಈ ತುದಿ ಸರಿಮಾಡಿದರೆ ಆ ತುದಿ ಕೆಡುತ್ತದೆ. ಹಾಗೆಂದು ಮನಸ್ಸಿಗೆ ಬಂದಷ್ಟು ಚುಕ್ಕಿ ಸುರಿದರೂ ಕೆಡುಕೇ. ಒಂದೊಂದೂ ಒಂದೊಂದು ಕಡೆ ಎಳೆದು ಮೈಯೆಲ್ಲ ಸಣ್ಣ ಅಲೆ ಏಳುತ್ತದೆ. ಮೇಲ್ಮೈಗಳಲ್ಲಿಯೂ ಇದೇ ನಿಯಮ. ಅಲ್ಲಿ ಒಂದೊಂದು ಚುಕ್ಕಿಯ ಬದಲು ಚುಕ್ಕಿಗಳ ಸಾಲು.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಪರದೆಯ ಮೇಲೆ ಸಿಕ್ಕಿಬಿದ್ದ ಮಡಿಕೆಯನ್ನು ಕೂತ ಜಾಗದಲ್ಲೇ ತಿದ್ದಬಹುದು. ಅದೇ ಮಡಿಕೆ ಉಕ್ಕಿನ ಅಚ್ಚಿಗೆ ಇಳಿದ ಮೇಲೆ ಕಂಡರೆ, ಆ ಭಾರಿ ಅಚ್ಚನ್ನೇ ಮತ್ತೆ ಬೆಸೆದು, ಉಜ್ಜಿ, ಕಡೆಯಬೇಕು. ಆಗಲೂ ಕಾಣದೆ ಹೋದರೆ ಆ ಅಚ್ಚಿನಿಂದ ಹೊರಬರುವ ಪ್ರತಿಯೊಂದು ಬಾಗಿಲೂ ಅದನ್ನು ಹೊತ್ತುಕೊಂಡೇ ರಸ್ತೆಗೆ ಬರುತ್ತದೆ. ವಿನ್ಯಾಸ ಸ್ಟುಡಿಯೋಗಳಲ್ಲಿ ಇಂದಿಗೂ ಜೇಡಿಮಣ್ಣಿನ ಮಾದರಿ ಮಾಡಿ, ಅದಕ್ಕೆ ಹೊಳೆಯುವ ಹಾಳೆ ಅಂಟಿಸಿ, ಸುತ್ತ ನಡೆದು ನೋಡುವುದು ಈ ಭಯಕ್ಕೇ.

ಈ ಕೆಲಸ ಕಲಿಯುತ್ತಿರುವ ತರುಣ ಕೇಳುಗರಿಗೆ ಮೂರು ಮಾತು. ಮೊದಲು ದೊಡ್ಡ ಮೇಲ್ಮೈಗಳನ್ನು ಆದಷ್ಟು ಕಡಿಮೆ ಚುಕ್ಕಿಗಳಲ್ಲಿ ಕಟ್ಟಿ. ಅವು ಕೂಡುವ ಕಡೆ ಜಾಗ ಬಿಟ್ಟು, ಬೆಸೆಯುವ ಮೇಲ್ಮೈಯನ್ನು ಕೊನೆಗೆ ಕೂರಿಸಿ. ಜಾಗ ಇಕ್ಕಟ್ಟಾದಷ್ಟೂ ಬಾಗು ಒರಟಾಗುತ್ತದೆ. ಮೂರನೆಯದು, "ಜಿ2 ಸರಿಯಿದೆ" ಎಂದು ತಂತ್ರಾಂಶ ಹೇಳಿದ ಕೂಡಲೇ ಏಳಬೇಡಿ. ಅದು ಅಳೆಯುವುದು ಅಂಚನ್ನು ಮಾತ್ರ. ಅಂಚಿನಿಂದ ಎರಡು ಬೆರಳು ಆಚೆ ಮೈ ತಗ್ಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಪಟ್ಟೆಗಳನ್ನು ಹಾಕಿ ಮಾದರಿಯನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿ. ಆದೇಶಗಳನ್ನು ಕಲಿಯಲು ಕೆಲವು ತಿಂಗಳು ಸಾಕು, ಕಣ್ಣು ಪಳಗಲು ವರ್ಷಗಳು ಬೇಕು. ಸಂಸ್ಥೆ ಬದಲಾದರೂ, ತಂತ್ರಾಂಶ ಬದಲಾದರೂ ನಿಮ್ಮ ಜೊತೆ ಬರುವುದು ಆ ಪಳಗಿದ ಕಣ್ಣೇ.

ಊರಿಗೆ ಹೋದಾಗ ಅಮ್ಮ "ನಿನ್ನ ಕೆಲಸ ಏನಪ್ಪಾ" ಎಂದು ಕೇಳಿದರೆ, ಬೆಳಗಿಟ್ಟ ಒಂದು ಚೊಂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತೋರಿಸಿ. ಕುತ್ತಿಗೆಯಿಂದ ಹೊಟ್ಟೆಗೆ ಬೆಳಕು ಎಲ್ಲಿ ಹರಿಯಿತು, ಎಲ್ಲಿ ತಡೆಯಿತು ಎಂದು ಅವರೇ ಬೆರಳಿಟ್ಟು ಹೇಳುತ್ತಾರೆ.