ಜೋತ ರೆಪ್ಪೆ, ಹಿಗ್ಗಿದ ಪಾಪೆ

ಎದುರಿನ ವಸ್ತು ಹಠಾತ್ತನೆ ಎರಡಾಗಿ ಕಾಣತೊಡಗಿತೆಂದು ಬಂದ ರೋಗಿಯನ್ನು ಅನುಭವಿಯಾದ ವೈದ್ಯನು ಮೊದಲು ಕೇಳುವುದು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದರೆ ಎರಡನೆಯ ಬಿಂಬ ಮಾಯವಾಗುವುದೋ ಇಲ್ಲವೋ ಎಂಬುದನ್ನು. ಯಾವ ಕಣ್ಣನ್ನು ಮುಚ್ಚಿದರೂ ಮಾಯವಾಗುವುದಾದರೆ, ದೋಷವಿರುವುದು ಕಣ್ಣಿನ ಮಸೂರದಲ್ಲಲ್ಲ, ಕಣ್ಣುಗಳೆರಡರ ಹೊಂದಿಕೆಯಲ್ಲಿ.

ಕಣ್ಣುಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳಲ್ಲಿ ನಾಲ್ಕನ್ನು ಮೂರನೆಯ ಕಪಾಲನರವೂ, ಉಳಿದೆರಡರಲ್ಲಿ ಒಂದೊಂದನ್ನು ನಾಲ್ಕನೆಯ ಮತ್ತು ಆರನೆಯ ನರಗಳೂ ನಡೆಸುತ್ತವೆ. ಕಣ್ಣು ಕಿವಿಯ ಕಡೆಗೆ ಹೊರಳದಿದ್ದರೆ ಆರನೆಯದರ ಮೇಲೆ ಸಂಶಯ. ತಲೆಬುರುಡೆಯೊಳಗಿನ ಒತ್ತಡ ಯಾವ ಕಾರಣದಿಂದ ಏರಿದರೂ ಈ ನರ ಸೋಲಬಹುದು. ಮೆಟ್ಟಿಲಿಳಿಯುವಾಗ ಬಿಂಬಗಳು ಒಂದರ ಮೇಲೊಂದಾಗಿ ಕಂಡರೆ ನಾಲ್ಕನೆಯದು. ಆಗ ಮನೆಯ ಹಳೆಯ ಭಾವಚಿತ್ರಗಳನ್ನು ತರಿಸಿ ನೋಡುವುದುಂಟು, ಏಕೆಂದರೆ ಬಾಲ್ಯದಿಂದಲೂ ತಲೆ ಒಂದು ಪಕ್ಕಕ್ಕೆ ವಾಲಿದ್ದುದಾದರೆ ದೌರ್ಬಲ್ಯವು ಹುಟ್ಟಿನಿಂದಲೇ ಬಂದಿರುವ ಸಂಭವ ಹೆಚ್ಚು.

ಮೂರನೆಯ ನರದ ವಿಷಯದಲ್ಲಿ ತುಸು ನಿಲ್ಲಬೇಕು. ಪಾಪೆಯನ್ನು ಕಿರಿದುಗೊಳಿಸುವ ತಂತುಗಳು ಈ ನರದ ಹೊರಮೈಯಲ್ಲಿ ಸಾಗುವುದರಿಂದ, ಮೆದುಳಿನ ಬುಡದ ರಕ್ತನಾಳವೊಂದು ಉಬ್ಬಿ ಹೊರಗಿನಿಂದ ಒತ್ತಿದಾಗ ಮೊದಲು ನಲುಗುವುವು ಅವೇ. ಮಧುಮೇಹವಾದರೋ ನರದ ಒಳತಿರುಳಿಗೆ ರಕ್ತವೊದಗಿಸುವ ಸೂಕ್ಷ್ಮನಾಳಗಳನ್ನು ಕೆಡಿಸುವುದರಿಂದ, ಪಾಪೆಗೆ ಸಾಮಾನ್ಯವಾಗಿ ಬಾಧೆ ತಟ್ಟದು. ಆದುದರಿಂದ ರೆಪ್ಪೆ ಜೋತು, ಪಾಪೆ ಹಿಗ್ಗಿ, ಟಾರ್ಚಿನ ಬೆಳಕಿಗೂ ಕುಗ್ಗದೆ ನಿಂತಿದ್ದರೆ, ರಕ್ತನಾಳಗಳ ಸ್ಕ್ಯಾನ್ ಅದೇ ದಿನ ಆಗಲೇಬೇಕು. ಆ ಉಬ್ಬು ಒಡೆದರೆ ಪ್ರಾಣಾಪಾಯ. ನೋವು ಉಬ್ಬಿನಲ್ಲೂ ಮಧುಮೇಹದಲ್ಲೂ ಬರಬಹುದಾದ್ದರಿಂದ ಅದನ್ನು ನಂಬಿ ತೀರ್ಮಾನಿಸಲಾಗದು. ರೆಪ್ಪೆ ಅರ್ಧವೇ ಜೋತಿರುವಾಗ, ಪಾಪೆ ಸರಿಯಾಗಿದೆಯೆಂದು ಸಮಾಧಾನಪಟ್ಟು ರೋಗಿಯನ್ನು ಮನೆಗೆ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಕೆಲವೇ ದಿನಗಳಲ್ಲಿ ಪಾಪೆಯೂ ಹಿಗ್ಗಬಹುದು.

ನರವೇ ನಿರ್ದೋಷಿಯಾಗಿರುವ ಸಂದರ್ಭಗಳೂ ಉಂಟು. ಬೆಳಿಗ್ಗೆ ಚೆನ್ನಾಗಿದ್ದ ರೆಪ್ಪೆ ಸಂಜೆಗೆ ಜೋಲುವುದಾದರೆ, ಮೇಲೆಯೇ ನೋಡುತ್ತಿರಿ ಎಂದಾಗ ಮೆಲ್ಲಮೆಲ್ಲನೆ ಇಳಿದು, ಮಂಜುಗಡ್ಡೆಯ ಚೀಲವನ್ನು ಎರಡು ನಿಮಿಷ ಇರಿಸಿದಾಗ ಮೇಲೇಳುವುದಾದರೆ, ಅದು ನರವೂ ಸ್ನಾಯುವೂ ಸಂಧಿಸುವೆಡೆಯ ಮಯಾಸ್ತೀನಿಯಾ. ಅಲ್ಲಿ ಪಾಪೆ ಕೆಡುವುದಿಲ್ಲ. ಥೈರಾಯ್ಡಿನ ಕಣ್ಣುರೋಗದಲ್ಲಿ ಸ್ನಾಯು ದುರ್ಬಲವಾಗಿರದೆ, ಊದಿ ಬಿಗಿದು ಕಣ್ಣನ್ನು ಹಿಡಿದಿಟ್ಟಿರುತ್ತದೆ.

ಐವತ್ತು ದಾಟಿದವರಲ್ಲಿ ಹೊಸ ತಲೆನೋವೂ ಅಗಿಯುವಾಗ ದವಡೆನೋವೂ ಕೂಡಿದ್ದರೆ, ಕಣತೆಯ ಧಮನಿಯ ಉರಿಯೂತವನ್ನು ಶಂಕಿಸಿ, ಒಡನೆಯೇ ರಕ್ತಪರೀಕ್ಷೆಗೆ ಕಳುಹಿಸಿ, ದೃಷ್ಟಿ ನಷ್ಟವಾಗದಂತೆ ಸ್ಟೀರಾಯ್ಡನ್ನು ತಡಮಾಡದೆ ಆರಂಭಿಸುವರು. ಮಧುಮೇಹದಿಂದ ಸೋತ ನರವು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಚೇತರಿಸುತ್ತದೆ. ಹಾಗಾಗದಿದ್ದಲ್ಲಿ, ಮೊದಲ ನಿರ್ಣಯವನ್ನು ಬದಿಗಿಟ್ಟು ಎಂ.ಆರ್.ಐ. ಮಾಡಿಸಿ, ಗಂಟೇನಾದರೂ ಇದೆಯೇ ಎಂದು ಹೊಸದಾಗಿ ಹುಡುಕತಕ್ಕದ್ದು.