ಬೆಟ್ಟದ ದಾರಿ, ಊರಿನ ದಾರಿ: ನಂದಿ ಮಾರ್ಗದ ಸೈಕಲ್ ಸವಾರಿಯೂ ಗ್ರಾಮ ಪಂಚಾಯಿತಿಯ ಹೊಣೆಯೂ

(ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳು ಹಾಗೂ ಸಿಬ್ಬಂದಿಯ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭಾನುವಾರ ಬೆಳಗಿನ ಜಾವ ಬೂದಿಗೆರೆಯಿಂದ ದೇವನಹಳ್ಳಿಯ ಕಡೆಗೆ ಸಾಗುವ ರಸ್ತೆಯಲ್ಲಿ ಎರಡು ಬಗೆಯ ಸೈಕಲ್ಲುಗಳು ಕಂಡುಬರುತ್ತವೆ. ಒಂದು ವೈಟ್‌ಫೀಲ್ಡ್‌ನ ಮಾಹಿತಿ ತಂತ್ರಜ್ಞಾನ ಉದ್ಯೋಗಿಯದು. ಅದಕ್ಕೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಬ್ಬೆರಳಿನಷ್ಟು ಅಗಲದ ಟೈರು. ಸವಾರನ ತಲೆಯ ಮೇಲೆ ಹೆಲ್ಮೆಟ್. ಇನ್ನೊಂದು ಡೇರಿಗೆ ಹಾಲಿನ ಕ್ಯಾನು ಕೊಂಡೊಯ್ಯುವ ರೈತನದು, ಅಥವಾ ರಾತ್ರಿ ಪಾಳಿ ಮುಗಿಸಿ ಊರಿಗೆ ಮರಳುವ ಕಾರ್ಮಿಕನದು. ಅದಕ್ಕೆ ದೀಪವೂ ಇಲ್ಲ, ಸವಾರನಿಗೆ ಹೆಲ್ಮೆಟ್ಟೂ ಇಲ್ಲ. ಮೊದಲನೆಯವರು ನಂದಿಬೆಟ್ಟವನ್ನೇರಲು ಹೊರಟವರು. ಎರಡನೆಯವರು ಅನ್ನ ಸಂಪಾದನೆಗೆ ಹೊರಟವರು. ಇಬ್ಬರಿಗೂ ರಸ್ತೆ ಒಂದೇ. ಆ ರಸ್ತೆಯ ವಿಷಯದಲ್ಲಿ ಗ್ರಾಮ ಪಂಚಾಯಿತಿ ಏನು ಮಾಡಬಲ್ಲದು ಎಂಬುದೇ ಈ ಉಪನ್ಯಾಸದ ವಸ್ತು.

ಬೆಂಗಳೂರಿನ ಹೊರವಲಯದ ಉದ್ಯಮ ಪ್ರದೇಶಗಳಿಂದ ಬೆಟ್ಟಗಳ ಕಡೆಗೆ ಸೈಕಲ್ ಸವಾರರು ಹಿಡಿಯುವ ದಾರಿಗಳು ಹಲವು. ವೈಟ್‌ಫೀಲ್ಡ್‌ನವರು ಬೂದಿಗೆರೆ, ದೇವನಹಳ್ಳಿಗಳ ಮೂಲಕ ಸುಮಾರು 60 ಕಿ.ಮೀ. ಕ್ರಮಿಸಿ ನಂದಿಬೆಟ್ಟವನ್ನು ತಲುಪುತ್ತಾರೆ. ಪೀಣ್ಯದವರು ಹೆಸರಘಟ್ಟ, ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗ ಮತ್ತು ಘಾಟಿ ಸುಬ್ರಹ್ಮಣ್ಯದ ಗುಡ್ಡಸಾಲನ್ನು ಸೇರುತ್ತಾರೆ, ಇಲ್ಲವೇ ನೆಲಮಂಗಲ ಹಾಗೂ ದಾಬಸ್‌ಪೇಟೆಯ ಮೂಲಕ ಶಿವಗಂಗೆಗೆ ಹೋಗುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್ ಮತ್ತು ಮುತ್ಯಾಲಮಡುವಿನ ದಾರಿ ಸಮೀಪ. ಇವುಗಳಲ್ಲೆಲ್ಲ ನಂದಿಯ ದಾರಿಗೆ ಹೆಚ್ಚು ಹೆಸರು.

ಅದಕ್ಕೆ ಕಾರಣಗಳಿವೆ. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಲ್ಲಿ ಸಾವಿರ ವರ್ಷಕ್ಕೂ ಹಳೆಯ ಭೋಗನಂದೀಶ್ವರ ದೇವಾಲಯ, ತುದಿಯಲ್ಲಿ ಯೋಗನಂದೀಶ್ವರ ದೇವಾಲಯ ಹಾಗೂ ಟಿಪ್ಪುವಿನ ಬೇಸಿಗೆ ಅರಮನೆ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ವಶಪಡಿಸಿಕೊಂಡ ಕೋಟೆ ಇದು. 1986ರ ನವೆಂಬರ್‌ನಲ್ಲಿ ಸಾರ್ಕ್ ರಾಷ್ಟ್ರಗಳ ನಾಯಕರು ಬಿಡುವಿನ ಮಾತುಕತೆಗೆ ಸೇರಿದ ತಾಣವೂ ಇದೇ. ಅರ್ಕಾವತಿ ಹುಟ್ಟುವುದು ಇಲ್ಲಿಯೇ. ವೈಟ್‌ಫೀಲ್ಡ್‌ನ ಪಕ್ಕದಲ್ಲಿ ಹರಿಯುವ ದಕ್ಷಿಣ ಪಿನಾಕಿನಿಯ ಮೂಲವೂ ಇದೇ ಬೆಟ್ಟಸಾಲಿನಲ್ಲಿದೆ.

ಸವಾರನಿಗೆ ಈ ಬೆಟ್ಟ ಒಂದು ಪರೀಕ್ಷೆ. ತಿರುವುಗಳ ರಸ್ತೆ ಸುಮಾರು ಏಳೂವರೆ ಕಿ.ಮೀ. ಉದ್ದದಲ್ಲಿ ಸರಿಸುಮಾರು 400 ಮೀಟರ್ ಮೇಲೇರುತ್ತದೆ. ಅಂದರೆ ಪ್ರತಿ ನೂರು ಮೀಟರಿಗೆ ಐದು ಮೀಟರಿಗಿಂತ ಸ್ವಲ್ಪ ಹೆಚ್ಚು ಏರು. ಸೈಕಲ್ ಸೇರಿ 85 ಕೆ.ಜಿ. ತೂಗುವ ಸವಾರ 40 ನಿಮಿಷದಲ್ಲಿ ಮೇಲೇರಿದರೆ, ಆ ಭಾರವನ್ನು ಎತ್ತುವುದಕ್ಕೇ ಅವನ ಕಾಲುಗಳು ಎಡೆಬಿಡದೆ ಸುಮಾರು 140 ವ್ಯಾಟ್ ಶಕ್ತಿ ನೀಡಬೇಕು. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತ ದೇಹ ಅಲ್ಲಿ ತನ್ನ ಅಳತೆಯನ್ನು ತಾನೇ ಕಂಡುಕೊಳ್ಳುತ್ತದೆ.

ಆದರೆ ಅಪಾಯವಿರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಗಂಟೆಗೆ 40 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೂ, ಒಣಗಿದ ಒಳ್ಳೆಯ ಡಾಂಬರಿನ ಮೇಲೆ ನಿಲ್ಲುವಷ್ಟರಲ್ಲಿ ಒಟ್ಟು 23 ಮೀಟರ್ ಬೇಕು. ವೇಗ 60 ಆದರೆ ಬೇಕಾಗುವುದು 45 ಮೀಟರ್. ರಸ್ತೆಯ ಮೇಲೆ ಜಲ್ಲಿಪುಡಿ ಹರಡಿ ಹಿಡಿತ ಅರ್ಧಕ್ಕಿಳಿದರೆ, 40ರ ವೇಗದಲ್ಲಿಯೇ 36 ಮೀಟರ್ ಬೇಕು. ಕಡಿದಾದ ತಿರುವಿನಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ.

ಬೆಟ್ಟದ ರಸ್ತೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು. 2021ರ ಆಗಸ್ಟ್‌ನ ಭಾರೀ ಮಳೆಯಲ್ಲಿ ಭೂಕುಸಿತವಾಗಿ ಆ ರಸ್ತೆ ಕೊಚ್ಚಿಹೋಯಿತು. ಪ್ರವಾಸಿಗರಿಗೆ ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತ್ತು. ನೀರಿಗೆ ದಾರಿ ಬಿಡದಿದ್ದರೆ ನೀರು ರಸ್ತೆಯನ್ನೇ ದಾರಿ ಮಾಡಿಕೊಳ್ಳುತ್ತದೆ ಎಂಬುದು ಅದರ ಪಾಠ. ಊರೊಳಗಿನ ಹೂಳು ತುಂಬಿದ ಚರಂಡಿಗೂ ಅದೇ ಪಾಠ ಅನ್ವಯಿಸುತ್ತದೆ. ಬೆಟ್ಟದ ತಿರುವುಗಳ ಜವಾಬ್ದಾರಿ ಪಂಚಾಯಿತಿಯದಲ್ಲದಿರಬಹುದು; ಆದರೆ ಬೆಟ್ಟದವರೆಗಿನ ದಾರಿ ಹಾದುಹೋಗುವುದು ಊರುಗಳ ನಡುವೆಯೇ. ಅಲ್ಲಿನ ಅಪಾಯಗಳು ಎಲ್ಲರಿಗೂ ಪರಿಚಿತ.

ಮೊದಲನೆಯದು ರಸ್ತೆ ಉಬ್ಬು. ಊರಿನಲ್ಲಿ ಒಂದು ಅಪಘಾತವಾದೊಡನೆ ರಾತ್ರೋರಾತ್ರಿ ಉಬ್ಬು ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ಫಲಕವಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ, ಗಂಟೆಗೆ 25 ಕಿ.ಮೀ. ವೇಗಕ್ಕೆ ತಕ್ಕ ಉಬ್ಬು 3.7 ಮೀಟರ್ ಅಗಲವಿದ್ದು, ನಡುವೆ ಕೇವಲ 10 ಸೆಂ.ಮೀ. ಎತ್ತರವಿರಬೇಕು; ಕಾಣುವಂತೆ ಬಣ್ಣದ ಪಟ್ಟಿ, ಮುಂಚಿತವಾಗಿ ಎಚ್ಚರಿಕೆ ಫಲಕ ಇರಬೇಕು. ಕತ್ತಲಲ್ಲಿ ಕಾಣದ ಗೋಡೆಯಂತಹ ಉಬ್ಬು ವೇಗವನ್ನು ತಡೆಯುವುದಿಲ್ಲ, ಸವಾರನನ್ನು ಬೀಳಿಸುತ್ತದೆ. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಆಟೋಗೂ ಅದರಿಂದ ತೊಂದರೆಯೇ.

ಎರಡನೆಯದು ಜಲ್ಲಿ ಮತ್ತು ಎಂ-ಸ್ಯಾಂಡ್. ಹೊದಿಕೆಯಿಲ್ಲದ ಟಿಪ್ಪರಿನಿಂದ ಉದುರಿದ ಪುಡಿ ತಿರುವುಗಳಲ್ಲಿ, ಊರ ಬಾಗಿಲಲ್ಲಿ ಗುಡ್ಡೆಯಾಗುತ್ತದೆ. ಮೂರನೆಯದು ಒಕ್ಕಣೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡುವುದು ರೈತನ ಹಟದಿಂದಲ್ಲ, ಕಣವಿಲ್ಲದ ಕಾರಣದಿಂದ. ಹುರುಳಿಯ ಕಾಳಿನ ಮೇಲೆ ಯಾವ ಟೈರೂ ನಿಲ್ಲದು. ರೈತನಿಗೆ ದಂಡ ಹಾಕುವುದಕ್ಕಿಂತ ಸಮುದಾಯ ಒಕ್ಕಣೆ ಕಣವನ್ನು ಕ್ರಿಯಾಯೋಜನೆಯಲ್ಲಿ ಸೇರಿಸುವುದು ಉತ್ತಮ. ನಾಲ್ಕನೆಯದು ಕತ್ತಲೆ. ಊರಿನ ಕೊನೆಯ ಮನೆ ದಾಟಿದ ಮೇಲಿನ ತಿರುವಿಗೆ, ಬಸ್ ತಂಗುದಾಣಕ್ಕೆ ಬೀದಿದೀಪ ತಲುಪಿರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಲಕ್ಷಾಂತರ ರೂಪಾಯಿಯ ಸೈಕಲ್ ಏರಿ ಬರುವವರಿಗಾಗಿ ಊರಿನ ಹಣವನ್ನು ಏಕೆ ವ್ಯಯಿಸಬೇಕು? ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಸ್ಪಷ್ಟ: ಅವರಿಗಾಗಿ ವ್ಯಯಿಸಬೇಕಾಗಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಆ ಸೈಕಲ್ಲೇರಿ ಪ್ರೌಢಶಾಲೆಗೆ ಹೋದ ಹೆಣ್ಣುಮಕ್ಕಳು ಇದೇ ಉಬ್ಬು, ಇದೇ ಜಲ್ಲಿ, ಇದೇ ಕತ್ತಲೆಯನ್ನು ವಾರಕ್ಕೆ ಆರು ದಿನ ದಾಟಿದ್ದಾರೆ. ಹಾಲಿನವನೂ ಕಾರ್ಖಾನೆಯ ಕಾರ್ಮಿಕನೂ ಪ್ರತಿದಿನ ದಾಟುತ್ತಿದ್ದಾರೆ. ನಗರದ ಸವಾರ ಬಿದ್ದರೆ ಅವನ ಹಿಂದೆ ಕಾರಿನಲ್ಲಿ ಬರುವ ಗೆಳೆಯರಿರುತ್ತಾರೆ, ವಿಮೆಯಿರುತ್ತದೆ. ಹಾಲಿನವನು ಬಿದ್ದರೆ ಆ ದಿನದ ಹಾಲೂ ಹೋಯಿತು, ಕೂಲಿಯೂ ಹೋಯಿತು; ಕೆಲವೊಮ್ಮೆ ಮನೆಯ ಆಧಾರವೇ ಹೋಗುತ್ತದೆ. ಆದುದರಿಂದ ಕೆಲಸ ಮಾಡಬೇಕಾದದ್ದು ಊರಿನ ಸೈಕಲ್ಲಿಗಾಗಿ. ಅದು ಸರಿಯಾಗಿ ನಡೆದರೆ ಅತಿಥಿಗಳಿಗೂ ಅದರ ಪ್ರಯೋಜನ ತಾನಾಗಿ ದೊರೆಯುತ್ತದೆ.

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 58ನೆಯ ಪ್ರಕರಣ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ಹೇಳುತ್ತದೆ. ಊರ ರಸ್ತೆ, ಚರಂಡಿ, ಬೀದಿದೀಪ, ನೈರ್ಮಲ್ಯ ಅದರ ವ್ಯಾಪ್ತಿಗೆ ಬರುತ್ತವೆ. ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯರಸ್ತೆಯ ಮೇಲಿನ ದೋಷವಾದರೆ, ಸ್ಥಳ, ಅಳತೆ ಹಾಗೂ ಛಾಯಾಚಿತ್ರ ಸಹಿತ ನಿರ್ಣಯವನ್ನು ಲೋಕೋಪಯೋಗಿ ಇಲಾಖೆಗೆ ಕಳುಹಿಸಬಹುದು. ಇದಕ್ಕೆ ಮೊದಲ ಹೆಜ್ಜೆ ಬಹಳ ಸರಳ. ವಾರ್ಡಿನ ಸದಸ್ಯರು, ಪಂಚಾಯಿತಿ ಸಿಬ್ಬಂದಿ ಮತ್ತು ಇಬ್ಬರು ಶಾಲಾ ಮಕ್ಕಳು ಬೆಳಗಿನ ಜಾವ ಒಮ್ಮೆ ಸೈಕಲ್ಲಿನಲ್ಲಿಯೇ ಊರಿನ ಗಡಿಯಿಂದ ಗಡಿಯವರೆಗೆ ಸಾಗಿ, ಅಪಾಯದ ಸ್ಥಳಗಳನ್ನು ಪಟ್ಟಿ ಮಾಡುವುದು. ಜೀಪಿನ ಕಿಟಕಿಯಿಂದ ಕಾಣದ್ದು ಸೈಕಲ್ಲಿನ ಸೀಟಿನ ಮೇಲೆ ಕಾಣುತ್ತದೆ. ಆ ಪಟ್ಟಿ ಗ್ರಾಮ ಸಭೆಯ ಮುಂದೆ ಬರಲಿ.

ಜೀವನೋಪಾಯದ ದಾರಿಯೂ ಇಲ್ಲಿದೆ. ಬೆಟ್ಟ ಇಳಿದ ಸವಾರನಿಗೆ ಬೇಕಾದದ್ದು ಶುದ್ಧ ನೀರು, ಬಿಸಿ ತಿಂಡಿ, ಶೌಚಾಲಯ, ಗಾಳಿ ಹಾಕುವ ಪಂಪು. ಸ್ವಸಹಾಯ ಸಂಘದ ಮಹಿಳೆಯರು ಶನಿವಾರ, ಭಾನುವಾರ ಬೆಳಿಗ್ಗೆ ರಾಗಿರೊಟ್ಟಿ, ಇಡ್ಲಿ, ಮಜ್ಜಿಗೆ ಮಾರಬಹುದು. ಕಾಲಕ್ಕೆ ತಕ್ಕಂತೆ ದೇವನಹಳ್ಳಿಯ ಚಕ್ಕೋತವನ್ನೂ ಈ ಸೀಮೆಯ ದ್ರಾಕ್ಷಿಯನ್ನೂ ಮಾರಬಹುದು. ಶುದ್ಧ ಕುಡಿಯುವ ನೀರಿನ ಘಟಕ ದಾರಿಯ ಬದಿಯಲ್ಲಿದ್ದರೆ, ಒಂದು ಫಲಕ ಹಾಕಿದರೆ ಸಾಕು; ಪ್ಲಾಸ್ಟಿಕ್ ಬಾಟಲಿ ಕೆರೆಯ ಏರಿಗೆ ಬೀಳುವುದು ತಪ್ಪುತ್ತದೆ.

ಸವಾರರಿಗೂ ಕರ್ತವ್ಯಗಳಿವೆ. ಊರೊಳಗೆ ವೇಗ ತಗ್ಗಿಸಬೇಕು, ಸಾಲಾಗಿ ಸಾಗಬೇಕು, ಮಲಗಿರುವ ಊರಿನಲ್ಲಿ ಕೂಗಾಟ ಕೂಡದು, ಕಸವನ್ನು ಜೇಬಿನಲ್ಲಿಯೇ ಮರಳಿ ಒಯ್ಯಬೇಕು, ದನಕರುಗಳಿಗೆ ದಾರಿ ಬಿಡಬೇಕು. ಊರ ಬಾಗಿಲಿನ ಫಲಕದಲ್ಲಿ ಈ ಮಾತುಗಳನ್ನು ವಿನಯದಿಂದಲೂ ಸ್ಪಷ್ಟವಾಗಿಯೂ ಬರೆಸುವುದು ಒಳಿತು.

ಬೆಟ್ಟವನ್ನು ನೋಡಲು ಬಂದವರು ಒಂಬತ್ತು ಗಂಟೆಗೆ ಮರಳಿಹೋಗುತ್ತಾರೆ. ಸಂಜೆ ಅದೇ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದ ಸೈಕಲ್ಲಿನ ಮೇಲೆ, ಊರಿನವನೊಬ್ಬ ಮನೆಗೆ ಮರಳುತ್ತಿರುತ್ತಾನೆ. ಆ ಸೈಕಲ್ಲಿನ ಹಿಂಬದಿಗೆ ಒಂದು ಕೆಂಪು ಪ್ರತಿಫಲಕ ಅಂಟಿಸಲು ತಗಲುವ ವೆಚ್ಚ ಕೆಲವೇ ರೂಪಾಯಿ. ಮುಂದಿನ ಗ್ರಾಮ ಸಭೆಯ ದಿನ ಊರಿನ ಎಲ್ಲ ಸೈಕಲ್ಲುಗಳಿಗೂ ಅದನ್ನು ಅಂಟಿಸುವುದರಿಂದಲೇ ಕೆಲಸ ಆರಂಭವಾಗಲಿ.